ಬಿಲ್ಲಿನಲ್ಲಿ ಕಂಚು, ದೋಣಿಯಲ್ಲಿ ಹಿತ್ತಾಳೆ: ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡವರು ದಯವಿಟ್ಟು ಓದಿ

ನಿಮ್ಮ ದೋಣಿಯ ತಳದಲ್ಲಿ ಎಷ್ಟು ತೂತುಗಳಿವೆ ಅಂತ ನಿಮಗೆ ಗೊತ್ತಾ? ಒಂದೊಂದಕ್ಕೂ ಹಾಕಿರುವ ಕವಾಟ (ಸೀಕಾಕ್) ಯಾವ ಲೋಹದ್ದು? ಬಿಲ್ಲಿನಲ್ಲಿ ಬರೆದಿರೋದನ್ನು ಕೇಳುತ್ತಿಲ್ಲ. ಕೈಯಿಂದ ಕೆರೆದು ನೋಡಿದ್ದೀರಾ ಅಂತ ಕೇಳುತ್ತಿದ್ದೇನೆ. ನಾನು ನೋಡಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ನನ್ನವರೂ 33 ಅಡಿಯ ಹಳೇ ಫೈಬರ್‌ಗ್ಲಾಸ್ ಹಾಯಿದೋಣಿಯಲ್ಲಿ ವಾಸ ಶುರು ಮಾಡಿ, ಈಗ ಹೇಳುವ ಘಟನೆಯ ಹೊತ್ತಿಗೆ ಮೂರೂವರೆ ವರ್ಷ ಆಗಿತ್ತು. ವಾಸ ಶುರು ಮಾಡುವ ಸ್ವಲ್ಪ ಮುಂಚೆ ಒಂದು ಬೋಟ್‌ಯಾರ್ಡಿನಲ್ಲಿ ಸೀಕಾಕ್‌ಗಳನ್ನೆಲ್ಲ ಬದಲಾಯಿಸಿಕೊಂಡಿದ್ದೆವು. ಸೀಕಾಕ್ ಅಂದರೆ ತಳದ ತೂತಿಗೆ ಹಾಕುವ ಕವಾಟ. ಸಿಂಕಿನ ನೀರು ಹೊರಗೆ ಹೋಗಲು ಒಂದು, ಎಂಜಿನ್ ತಣ್ಣಗಾಗಲು ಸಮುದ್ರದ ನೀರು ಒಳಗೆ ಬರಲು ಒಂದು, ಟಾಯ್ಲೆಟ್‌ಗೆ ಎರಡು, ಹೀಗೆ ನಮ್ಮ ಸಣ್ಣ ದೋಣಿಯಲ್ಲೇ ಒಟ್ಟು ಒಂಬತ್ತು. ಎಲ್ಲವೂ ಕಂಚಿನವೇ ಬೇಕು ಅಂತ ಹೇಳಿದ್ದೆವು. ಬಿಲ್ಲಿನಲ್ಲೂ ಕಂಚು ಅಂತಲೇ ಬರೆದಿತ್ತು, ಕಂಚಿನ ದುಡ್ಡೇ ಕೊಟ್ಟೆವು.

ಹಾಕಿದ್ದು ಹಿತ್ತಾಳೆ.

ತಾಮ್ರಕ್ಕೆ ತವರ ಸೇರಿಸಿದರೆ ಕಂಚು, ಸತು ಸೇರಿಸಿದರೆ ಹಿತ್ತಾಳೆ. ನೋಡೋಕೆ, ಅದರಲ್ಲೂ ಮೇಲೆ ನಿಕಲ್ ಲೇಪ ಇದ್ದರೆ, ವ್ಯತ್ಯಾಸವೇ ಗೊತ್ತಾಗೋಲ್ಲ. ಸಮುದ್ರದ ನೀರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಮಾಮೂಲಿ ನಲ್ಲಿ ಸಾಮಾನಿಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಸತು ಇರುತ್ತೆ. ಉಪ್ಪುನೀರಿನಲ್ಲಿ ಆ ಸತು ನಿಧಾನವಾಗಿ ಕರಗಿ ಹೊರಗೆ ಹೋಗುತ್ತೆ, ತಾಮ್ರ ಉಳಿಯುತ್ತೆ. ಆದರೆ ಉಳಿದದ್ದು ಗಟ್ಟಿ ತಾಮ್ರ ಅಲ್ಲ, ಸ್ಪಂಜಿನ ಹಾಗೆ ಒಳಗೆಲ್ಲ ಸಣ್ಣ ಸಣ್ಣ ತೂತು. ಆಕಾರ ಹಾಗೇ ಇರುತ್ತೆ, ಅಳತೆ ಹಾಗೇ ಇರುತ್ತೆ, ಥ್ರೆಡ್ ಕೂಡ ಹಾಗೇ ಕಾಣುತ್ತೆ. ಬಲ ಮಾತ್ರ ಹೋಗಿರುತ್ತೆ. ದೋಣಿಯ ವೈರಿಂಗ್‌ನಲ್ಲಿ ಎಲ್ಲಾದರೂ ಕರೆಂಟ್ ಸೋರುತ್ತಿದ್ದರೆ ಇದು ಇನ್ನೂ ಬೇಗ ಆಗುತ್ತೆ. ತಳದಲ್ಲಿ ಸೇರಿದ ನೀರನ್ನು ಹೊರಗೆ ಹಾಕುವ ನಮ್ಮ ಬಿಲ್ಜ್ ಪಂಪಿನ ವೈರಿನ ಒಂದು ಜಾಯಿಂಟು ಯಾವಾಗಲೂ ನೀರಿನಲ್ಲೇ ಮುಳುಗಿರುತ್ತಿತ್ತು, ಅದನ್ನೂ ನಾವು ಗಮನಿಸಿರಲಿಲ್ಲ.

ಆಗಿದ್ದನ್ನು ಹೇಳುತ್ತೇನೆ. ಪೆಸಿಫಿಕ್ ಸಾಗರದಲ್ಲಿ ಗಾಲಪಗೋಸ್‌ನಿಂದ ಮಾರ್ಕೇಸಸ್ ದ್ವೀಪಗಳಿಗೆ ಹೊರಟಿದ್ದೆವು. ಸುಮಾರು 3000 ನಾಟಿಕಲ್ ಮೈಲಿ, ನಡುವೆ ನಿಲ್ಲಲು ಒಂದು ಬಂಡೆಯೂ ಇಲ್ಲ. ಹೊರಡುವ ಮುಂಚೆ ನಮ್ಮ ಭಯವೆಲ್ಲ ತಿಮಿಂಗಿಲದ ಮೇಲಿತ್ತು. 1972ರಲ್ಲಿ ಇದೇ ದಾರಿಯಲ್ಲಿ ರಾಬರ್ಟ್‌ಸನ್ ಕುಟುಂಬದ ದೋಣಿಗೆ ಓರ್ಕಾ ತಿಮಿಂಗಿಲಗಳು ಗುದ್ದಿ, ದೋಣಿ ಮುಳುಗಿ, ಅವರು 38 ದಿನ ಸಮುದ್ರದಲ್ಲಿ ಕಳೆದ ಕಥೆ ಈ ದಾರಿಯಲ್ಲಿ ಹೋಗುವ ಎಲ್ಲರಿಗೂ ಗೊತ್ತು. ಅದಕ್ಕೆ ಬೇಕಾದ ತಯಾರಿ ಎಲ್ಲ ಮಾಡಿದ್ದೆವು. ಲೈಫ್‌ರಾಫ್ಟ್ (ಜೀವ ಉಳಿಸುವ ತೆಪ್ಪ) ಸರ್ವಿಸ್ ಆಗಿತ್ತು, ಅಪಾಯದ ಸಂಕೇತ ಕಳಿಸುವ ಇಪಿರ್ಬ್ ಇತ್ತು, ತುರ್ತು ಚೀಲ ಕಟ್ಟಿಟ್ಟಿದ್ದೆವು. ಸಿಂಕಿನ ಕೆಳಗಿನ ಕಪಾಟನ್ನು ಯಾರೂ ತೆಗೆದು ನೋಡಿರಲಿಲ್ಲ.

ಹನ್ನೊಂದನೇ ರಾತ್ರಿ. ಹಿಂದಿನಿಂದ ಬೀಸುವ ವಾಣಿಜ್ಯ ಮಾರುತದಲ್ಲಿ ದೋಣಿ ಎಡಕ್ಕೂ ಬಲಕ್ಕೂ ತೊಟ್ಟಿಲಿನ ಹಾಗೆ ಹೊರಳುತ್ತಿತ್ತು. ನನ್ನ ಪಾಳಿ ಶುರುವಾಗುವ ಹೊತ್ತು. ಮಂಚದಿಂದ ಕಾಲು ಕೆಳಗಿಟ್ಟರೆ ಪಾದ ಮುಳುಗಿತು. ನೆಲದ ಹಲಗೆಗಳು ತೇಲಿ ಒಂದಕ್ಕೊಂದು ಟಪ್ ಟಪ್ ಅಂತ ಬಡಿಯುತ್ತಿದ್ದವು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಎಲ್ಲರೂ ಮೊದಲು ಇದನ್ನೇ ಮಾಡಬೇಕು, ಯಾಕೆಂದರೆ ಸಿಹಿನೀರಾದರೆ ಒಡೆದಿರುವುದು ನಿಮ್ಮ ಕುಡಿಯುವ ನೀರಿನ ಟ್ಯಾಂಕು. ಉಪ್ಪಿತ್ತು. "ರೀ, ನೀರು! ಉಪ್ಪುನೀರು!" ಅಂತ ಕೂಗಿದೆ. ಮೇಲೆ ಚುಕ್ಕಾಣಿ ಇರುವ ಕಾಕ್‌ಪಿಟ್‌ನಲ್ಲಿದ್ದ ಅವರು ಕೆಳಗೆ ಇಣುಕಿ ನೋಡಿ ಒಂದು ಕ್ಷಣ ಮಾತೇ ಆಡಲಿಲ್ಲ.

ಆಟೋಮ್ಯಾಟಿಕ್ ಬಿಲ್ಜ್ ಪಂಪ್ ಓಡುತ್ತಿತ್ತು, ಆದರೆ ನೀರು ಎಳೆಯುತ್ತಿರಲಿಲ್ಲ. ಕಾರಣ ಕೇಳಿದರೆ ನಿಮಗೆ ಬೇಜಾರಾಗಬಹುದು. ಆಹಾರದ ಡಬ್ಬಿಗಳ ಮೇಲಿನ ಕಾಗದದ ಲೇಬಲ್‌ಗಳು ಒದ್ದೆಯಾಗಿ ಬಿಟ್ಟುಕೊಂಡು, ಮುದ್ದೆಯಾಗಿ ಪಂಪಿನ ಜಾಲರಿಗೆ ಮೆತ್ತಿಕೊಂಡಿದ್ದವು. ತಳದಲ್ಲಿ ಡಬ್ಬಿ ಇಡುವ ಮುಂಚೆ ಲೇಬಲ್ ಕಿತ್ತು, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿಡಿ ಅಂತ ಹಳಬರು ಸುಮ್ನೆ ಹೇಳಿರಲಿಲ್ಲ. ಮೊದಲ ವರ್ಷ ಹಾಗೇ ಮಾಡಿದ್ದೆವು, ಆಮೇಲೆ ಬಿಟ್ಟೆವು. ಇನ್ನೊಂದು ಮಾತು: ಪಂಪ್ ಚೆನ್ನಾಗಿದ್ದರೂ ಅದೊಂದನ್ನೇ ನಂಬಬೇಡಿ. ಪೆಟ್ಟಿಗೆಯ ಮೇಲೆ ಗಂಟೆಗೆ 2000 ಗ್ಯಾಲನ್ ಅಂತ ಬರೆದಿರುತ್ತೆ, ಅಂದರೆ ನಿಮಿಷಕ್ಕೆ ಸುಮಾರು 125 ಲೀಟರ್. ನೀರನ್ನು ಮೇಲಕ್ಕೆತ್ತಿ, ಉದ್ದದ ಪೈಪಿನಲ್ಲಿ ಹೊರಗೆ ತಳ್ಳುವ ಹೊತ್ತಿಗೆ ಬಹಳ ಸಲ ಅದರಲ್ಲಿ ಅರ್ಧವೇ ಉಳಿಯುತ್ತೆ. ನೀರಿನ ಮಟ್ಟದಿಂದ 40 ಸೆಂಟಿಮೀಟರ್ ಕೆಳಗಿರುವ 38 ಮಿಲಿಮೀಟರಿನ ಒಂದು ತೂತಿನಿಂದ ನಿಮಿಷಕ್ಕೆ 100 ಲೀಟರಿಗೂ ಜಾಸ್ತಿ ನೀರು ಒಳಗೆ ಬರುತ್ತೆ. ಲೆಕ್ಕ ಹಾಕಿ ನೋಡಿ.

ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕಲ್ಲ. ಒಂಬತ್ತು ಜಾಗ, ಕತ್ತಲೆ, ಹೊರಳುವ ದೋಣಿ. ಹಣೆಗೆ ಟಾರ್ಚ್ ಕಟ್ಟಿಕೊಂಡು ನಾನು ಮೊದಲು ಎಂಜಿನ್ ಹತ್ತಿರ ಹೋದೆ, ಅಲ್ಲಿ ಏನೂ ಇಲ್ಲ. ಟಾಯ್ಲೆಟ್‌ನಲ್ಲೂ ಇಲ್ಲ. ಸಿಂಕಿನ ಕೆಳಗೆ ಬಂದರೆ ಕಪಾಟು ತುಂಬಾ ಸಾಮಾನು. ದೋಣಿಯಲ್ಲಿ ವಾಸ ಮಾಡುವವರಿಗೆ ಇದು ಗೊತ್ತೇ ಇರುತ್ತೆ, ಒಂದು ಗೇಣು ಜಾಗ ಖಾಲಿ ಕಂಡರೆ ಅಲ್ಲಿ ಏನಾದರೂ ತುರುಕದೆ ಬಿಡೋಲ್ಲ. ಟೂಲ್ ಚೀಲ, ಬಕೆಟ್, ಹಳೇ ಹಗ್ಗ, ಬಟ್ಟೆ ಒಗೆಯುವ ಪುಡಿ, ಒಂದರ ಹಿಂದೆ ಒಂದು ಎಳೆದು ಹಿಂದಕ್ಕೆ ಎಸೆದೆ. ಹಿಂದಿನ ಗೋಡೆ ಕೈಗೆ ಸಿಗುವ ಹೊತ್ತಿಗೆ ನಾಲ್ಕೈದು ನಿಮಿಷವೇ ಹೋಗಿರಬೇಕು. ನೀರು ಮೊಣಕಾಲಿನ ಹತ್ತಿರ ಬಂದಿತ್ತು.

ಪೈಪನ್ನು ಹಿಡಿಯುವ ತುದಿ, ಹೋಸ್ ಟೇಲ್ ಅಂತಾರಲ್ಲ, ಅದು ಕವಾಟಕ್ಕೆ ಸೇರುವ ಥ್ರೆಡ್ಡಿನ ಹತ್ತಿರವೇ ತುಂಡಾಗಿತ್ತು. ಟೂಲ್ ಚೀಲ ಹನ್ನೊಂದು ದಿನ ದೋಣಿ ಹೊರಳಿದಾಗಲೆಲ್ಲ ಆ ಪೈಪಿಗೆ ಒರಗಿ ತಳ್ಳುತ್ತಿತ್ತು. ಕವಾಟ ಮುಚ್ಚೋಣ ಅಂತ ಹಿಡಿ ತಿರುಗಿಸಿದೆ. ಹಿಡಿ ಕೈಗೇ ಬಂತು. ಒಳಗಿನ ಕಡ್ಡಿಯೂ ಮುರಿದಿತ್ತು. ನೀರು ನನ್ನ ಎದೆಗೆ ಹೊಡೆಯುತ್ತಿತ್ತು.

ಏನು ಮಾಡಬೇಕೋ ತೋಚದೆ ಅಂಗೈಯನ್ನು ತೂತಿಗೆ ಒತ್ತಿ ಹಿಡಿದೆ. ನಿಂತುಬಿಟ್ಟಿತು! ಇದನ್ನು ಎಲ್ಲರೂ ತಿಳಿದುಕೊಳ್ಳಿ. ಅಷ್ಟು ಜೋರಾಗಿ ಕಾಣುವ ನೀರಿನ ಒತ್ತಡ ನಿಜವಾಗಿ ಅರ್ಧ ಕಿಲೋ ಭಾರದಷ್ಟೂ ಇರೋಲ್ಲ, ಒಂದು ಮಗುವಿನ ಕೈಯೂ ತಡೆದೀತು. ಕಷ್ಟ ಇರೋದು ತೂತಿನ ತನಕ ಕೈ ಹೋಗುವುದರಲ್ಲಿ. ನಮ್ಮ ಹತ್ತಿರ ಮರದ ಬಿರಡೆಗಳು ಇದ್ದವು, ಬೇರೆ ಬೇರೆ ಅಳತೆಯ ಒಂದು ಚೀಲ. ಆದರೆ ಅವು ಕಾಕ್‌ಪಿಟ್‌ನ ಹಿಂದಿನ ಲಾಕರ್‌ನ ತಳದಲ್ಲಿ, ಆಂಕರ್ ಹಗ್ಗದ ಕೆಳಗೆ. ಅವರು ಹುಡುಕಿ ತರುವ ತನಕ ನಾನು ಕಪಾಟಿನೊಳಗೆ ಅರ್ಧ ಮೈ ತೂರಿಸಿ ಕೈ ಒತ್ತಿಕೊಂಡೇ ಇದ್ದೆ.

ನಡುವೆ ಒಮ್ಮೆ ಅವರು ಲೈಫ್‌ರಾಫ್ಟ್ ಬಿಚ್ಚಲಾ ಅಂತ ಕೇಳಿದರು. ಬೇಡ ಅಂದೆ. 1979ರಲ್ಲಿ ಫಾಸ್ಟ್‌ನೆಟ್ ಅನ್ನುವ ಹಾಯಿದೋಣಿ ರೇಸಿನ ಬಿರುಗಾಳಿಯಲ್ಲಿ 15 ಮಂದಿ ನಾವಿಕರು ಸತ್ತರು. ಆಗ ಜನ ಬಿಟ್ಟು ಹೋದ 24 ದೋಣಿಗಳಲ್ಲಿ 5 ಮಾತ್ರ ಮುಳುಗಿದವು, ಉಳಿದವು ತೇಲುತ್ತಲೇ ಸಿಕ್ಕವು. ದೋಣಿ ಪೂರ್ತಿ ಕೈಬಿಡುವ ತನಕ ನಾವು ದೋಣಿಯನ್ನು ಬಿಡಬಾರದು ಅಂತ ಕಲಿಸಿದ್ದು ಆ ಹೊತ್ತಿಗೆ ನೆನಪಾಯಿತು.

ಬಿರಡೆಗೆ ಬಟ್ಟೆ ಸುತ್ತಿ ಒಳಗಿಟ್ಟರು. ಸುತ್ತಿಗೆ ಎತ್ತಿದಾಗ "ರೀ, ಮೆಲ್ಲಗೆ, ಮೆಲ್ಲಗೆ" ಅಂದೆ, ಯಾಕೆಂದರೆ ಉಳಿದಿದ್ದೂ ಅದೇ ಲೋಹ ಅಲ್ವಾ, ಅದೂ ಒಡೆದರೆ ತಳದಲ್ಲಿ ಇನ್ನೂ ದೊಡ್ಡ ತೂತು. ಟಾರ್ಚಿನ ಬೆಳಕಿನಲ್ಲಿ ಆಗ ನೋಡಿದೆ. ಮುರಿದ ಅಂಚಿನಲ್ಲಿ ಕೂದಲೆಳೆಯಷ್ಟು ಮಾತ್ರ ಹಳದಿ ಉಳಿದಿತ್ತು. ಮಿಕ್ಕಿದ್ದೆಲ್ಲ ಮಾಸಿದ ಗುಲಾಬಿ ಬಣ್ಣ, ಉಗುರಿನಿಂದ ಗೀಚಿದರೆ ಪುಡಿ ಉದುರುತ್ತಿತ್ತು.

ಅದೇ ಬಣ್ಣವನ್ನು ನಾನು ಆರು ತಿಂಗಳ ಹಿಂದೆ ನೋಡಿದ್ದೆ. ತಳಕ್ಕೆ ಬಣ್ಣ ಹೊಡೆಯಲು ದೋಣಿಯನ್ನು ದಡಕ್ಕೆ ಎತ್ತಿಸಿದಾಗ ಚಾಕುವಿನಿಂದ ಕೆರೆಯುತ್ತಾ, ಸೀಕಾಕ್‌ನ ಬಾಯಿ ಕೆಂಪಗಾಗಿದ್ದು ಕಂಡಿತ್ತು. ಬಿಲ್ಲಿನಲ್ಲಿ ಕಂಚು ಅಂತಿದೆ, ಕಂಚು ಕೆಂಪಗೇ ಇರುತ್ತಲ್ವಾ ಅಂದುಕೊಂಡು ಮೇಲೆ ಬಣ್ಣ ಬಳಿದುಬಿಟ್ಟೆ. ಆ ಸಂಜೆ ಇನ್ನೊಂದು ನಿಮಿಷ ಕೆರೆದಿದ್ದರೆ ಸಾಕಿತ್ತು.

ಬಿರಡೆ ನಿಂತಿತು. ಬೆಳಗಾಗುವವರೆಗೂ ಕೈಪಂಪಿನಲ್ಲೂ ಬಕೆಟ್ಟಿನಲ್ಲೂ ನೀರು ಎತ್ತಿ ಹಾಕಿದೆವು. ಆಟೋಪೈಲಟ್‌ನ ಪೆಟ್ಟಿಗೆ ಮಂಚದ ಕೆಳಗಿತ್ತು, ಅದು ಸತ್ತಿತ್ತು. ಉಳಿದ ಸುಮಾರು 1700 ಮೈಲಿ ಇಬ್ಬರೇ ಮೂರು ಮೂರು ಗಂಟೆ ಸರದಿಯಲ್ಲಿ ಚುಕ್ಕಾಣಿ ಹಿಡಿದು, ಅರ್ಧ ಗಂಟೆಗೊಮ್ಮೆ ಬಿರಡೆ ಮುಟ್ಟಿ ನೋಡುತ್ತಾ ಹೋದೆವು. ಹದಿನಾರು ದಿನ. ಆ ದಿನಗಳ ಬಗ್ಗೆ ಜಾಸ್ತಿ ಬರೆಯೋಲ್ಲ.

ಮಾರ್ಕೇಸಸ್‌ನ ಹೀವಾ ಓವಾ ದ್ವೀಪದಲ್ಲಿ ದೋಣಿಯನ್ನು ಮೇಲೆತ್ತಿಸಿ ಒಂಬತ್ತನ್ನೂ ಬಿಚ್ಚಿಸಿದೆವು. ಅದರಲ್ಲಿ ಮೂರಂತೂ ಸ್ಪ್ಯಾನರ್ ಹಾಕುತ್ತಿದ್ದ ಹಾಗೇ ತುಂಡಾದವು. ಫೋಟೋ ತೆಗೆದು ಆ ಯಾರ್ಡಿಗೆ ಬರೆದೆವು. ಬಿಲ್ಲಿನ ಬಗ್ಗೆ ಒಂದಕ್ಷರ ಇಲ್ಲ, ಬಂದ ಉತ್ತರ ಇಷ್ಟೇ: ಹಾಕಿದ ಸಾಮಾನು ಸೀಕಾಕ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9093ಕ್ಕೆ ಸರಿಯಾಗಿದೆ. ಹುಡುಕಿ ಓದಿದರೆ, ಆ ಮಾನದಂಡದ 1994ರ ಆವೃತ್ತಿಯಲ್ಲಿ 'ತುಕ್ಕು ತಡೆಯುವ' ಲೋಹ ಅಂದರೆ ಐದು ವರ್ಷದ ಬಳಕೆಯಲ್ಲಿ ಕೆಡದೆ ಇರುವುದು ಅಂತ ಅರ್ಥ ಕೊಟ್ಟಿದ್ದಾರೆ. ಐದೇ ವರ್ಷ! ದೋಣಿ ಮೂವತ್ತು ನಲವತ್ತು ವರ್ಷ ಬಾಳುತ್ತೆ, ಜನ ಅದರಲ್ಲಿ ಮಲಗುತ್ತಾರೆ. ನಮ್ಮದಕ್ಕೆ ಐದೂ ಆಗಿರಲಿಲ್ಲ. ವಿಮೆಯವರು ಸವೆತ, ತುಕ್ಕು ನಮ್ಮ ಪಾಲಿಸಿಯಲ್ಲಿ ಬರೋಲ್ಲ ಅಂದರು. ಪಾಲಿಸಿ ತೆಗೆದು ನೋಡಿದರೆ ಹಾಗೇ ಬರೆದಿತ್ತು. ನಿಮ್ಮದನ್ನೂ ಇವತ್ತೇ ತೆಗೆದು ಆ ಪುಟ ಓದಿ.

ಹೇಗೆ ಕಂಡುಹಿಡಿಯೋದು ಅಂತ ಕೇಳುತ್ತೀರಿ. ಅಯಸ್ಕಾಂತದಿಂದ ಆಗೋಲ್ಲ, ಕಂಚೂ ಅಂಟೋಲ್ಲ, ಹಿತ್ತಾಳೆಯೂ ಅಂಟೋಲ್ಲ. ದೋಣಿ ದಡದಲ್ಲಿದ್ದಾಗ ಮಾತ್ರ, ಕಾಣದ ಕಡೆ ಒಂದು ಸಣ್ಣ ಅರ ತೆಗೆದುಕೊಂಡು ಲೇಪ ಹೋಗುವ ತನಕ ಉಜ್ಜಿ. ಹೊಳೆಯುವ ಹಳದಿ ಬಂದರೆ ಹಿತ್ತಾಳೆ, ಕಂದುಗೆಂಪು ಬಂದರೆ ಕಂಚು. ಹಳದಿಯ ನಡುವೆ ಗುಲಾಬಿ ಮಚ್ಚೆ ಕಂಡರೆ ಆ ದೋಣಿಯನ್ನು ನೀರಿಗೆ ಇಳಿಸಲೇಬೇಡಿ. ಸಣ್ಣ ಸುತ್ತಿಗೆಯಿಂದ ತಟ್ಟಿ, ಗಟ್ಟಿ ಲೋಹ ಟಣ್ ಅನ್ನುತ್ತೆ, ಸತ್ತದ್ದು ದಪ್ ಅನ್ನುತ್ತೆ. ಮೇಲೆ ಒತ್ತಿರುವ ಗುರುತು ನೋಡಿ: ಸಿಡಬ್ಲ್ಯು 617 ಎನ್ ಇದ್ದರೆ ಅದು ಮಾಮೂಲಿ ಹಿತ್ತಾಳೆ. ಸಿಆರ್ ಅಥವಾ ಸಿಡಬ್ಲ್ಯು 602 ಎನ್ ಅಂತಿದ್ದರೆ ಸ್ವಲ್ಪ ಆರ್ಸೆನಿಕ್ ಸೇರಿಸಿದ, ಸತು ಬೇಗ ಕರಗದ ಹಿತ್ತಾಳೆ, ಅದು ಪರವಾಗಿಲ್ಲ. ಹೋಸ್ ಟೇಲ್ ಅನ್ನು ಬೇರೆಯಾಗಿ ನೋಡಿ. ಕವಾಟ ಒಳ್ಳೇದು ಹಾಕಿ ತುದಿಗೆ ಮಾತ್ರ ಅಗ್ಗದ್ದು ಹಾಕಿರುತ್ತಾರೆ. ದೋಣಿ ಕೊಳ್ಳುವಾಗ ಅದನ್ನು ಪರೀಕ್ಷಿಸುವ ಸರ್ವೆಯರ್ ಕೊಟ್ಟ ವರದಿಯಲ್ಲಿ 'ಸರಿಯಾಗಿದೆ' ಅಂತಿದ್ದರೆ, ಕೆರೆದು ನೋಡಿದಿರಾ ಅಂತ ಬಾಯಿಬಿಟ್ಟು ಕೇಳಿ.

ಒಂದೊಂದು ಸೀಕಾಕ್‌ಗೂ ಅದರ ಅಳತೆಯ ಬಿರಡೆಯನ್ನು ಅಲ್ಲೇ ದಾರದಲ್ಲಿ ಕಟ್ಟಿ. ಸಮುದ್ರದಲ್ಲಿರುವಾಗ ಬಳಸದ ಕವಾಟ ಮುಚ್ಚಿಡಿ. ನಮ್ಮ ಸಿಂಕಿನದು ಮುಚ್ಚಿದ್ದರೆ ತುದಿ ಮುರಿದರೂ ಏನೂ ಆಗುತ್ತಿರಲಿಲ್ಲ. ಚೀಲದ ಹಿಂದೆ ಕೈ ಹಾಕೋದು ಕಷ್ಟ ಅಂತ ನಾವು ಮುಚ್ಚುತ್ತಲೇ ಇರಲಿಲ್ಲ. ಈಗ ಆ ಕಪಾಟಿನಲ್ಲಿ ಏನೂ ಇಡೋಲ್ಲ, ಎಷ್ಟೇ ಜಾಗ ಬೇಕಿದ್ದರೂ.

ಹೊಸ ಒಂಬತ್ತನ್ನು ತರಿಸಿದಾಗಲೂ ಕಂಚೇ ಬೇಕು ಅಂತ ಬರೆದು ತರಿಸಿದೆವು. ಪೆಟ್ಟಿಗೆ ಬಂದ ದಿನ ದೋಣಿಯ ನೆರಳಿನಲ್ಲಿ ಕೂತು, ಒಂದೊಂದನ್ನೂ ಅರದಿಂದ ಉಜ್ಜಿ ನೋಡಿದೆ. ಎಂಟು ಕೆಂಪಗೆ ಬಂದವು. ಒಂಬತ್ತನೆಯದು ಹಳದಿ. ಅದನ್ನು ವಾಪಸ್ ಕಳಿಸಿ, ಸರಿಯಾದದ್ದು ಬರುವ ತನಕ ಇನ್ನೂ ಮೂರು ವಾರ ದಡದಲ್ಲೇ ಕಾದೆವು.