ಪ್ಯಾಸಿವ್ ಪ್ರೀಆಂಪ್ ಸಾಕಾ, ಆ್ಯಕ್ಟಿವ್ ಬೇಕಾ? ಎರಡನ್ನೂ ಮನೆಯಲ್ಲಿಟ್ಟು ಕೇಳಿದೆ

ಪ್ರೀಆಂಪ್ ಅಂದರೆ ಸಿಡಿ ಪ್ಲೇಯರ್‌ನಂಥ ಸೋರ್ಸ್‌ಗೂ ಸ್ಪೀಕರ್ ನಡೆಸುವ ಪವರ್ ಆಂಪ್‌ಗೂ ನಡುವೆ ಕೂತು ವಾಲ್ಯೂಮ್ ನೋಡಿಕೊಳ್ಳುವ ಡಬ್ಬಿ. ಆ್ಯಕ್ಟಿವ್‌ನೊಳಗೆ ಕರೆಂಟ್‌ನಿಂದ ನಡೆಯುವ ಸರ್ಕ್ಯೂಟ್ ಇರುತ್ತದೆ. ಪ್ಯಾಸಿವ್ ಪ್ರೀಆಂಪ್ ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ವಾಲ್ಯೂಮ್ ಪಾಟ್ (ತಿರುಗಿಸುವ ರೆಸಿಸ್ಟರ್), ಸೋರ್ಸ್ ಆರಿಸುವ ಒಂದು ಸೆಲೆಕ್ಟರ್ ಸ್ವಿಚ್, ನಾಲ್ಕಾರು ವೈರ್. ಅಷ್ಟೇ. ಕರೆಂಟೂ ಬೇಡ. ಇಷ್ಟರಿಂದ ಸಿಸ್ಟಮ್ ಜೋರಾಗಿ ಹಾಡುತ್ತದಾ ಅಂದರೆ, ಖಂಡಿತ ಹಾಡುತ್ತದೆ. ಸಿಡಿ ಪ್ಲೇಯರ್, ಡ್ಯಾಕ್‌ಗಳು (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆಗಳು) ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಎಷ್ಟೋ ಪವರ್ ಆಂಪ್‌ಗಳಿಗೆ ಫುಲ್ ಪವರ್‌ಗೆ 1 ವೋಲ್ಟ್ ಆಸುಪಾಸು ಸಾಕು. ಮತ್ತೆ ಗೇನ್, ಅಂದರೆ ಸಿಗ್ನಲ್ ದೊಡ್ಡದು ಮಾಡುವುದು, ಯಾಕೆ ಬೇಕು, ಅಲ್ವಾ?

ಕಲಬುರಗಿಯ ನಮ್ಮ ಮನೆಯಲ್ಲಿ 10 ಕಿಲೋ ಓಮ್ ಪಾಟ್ ಇರುವ ಪ್ಯಾಸಿವ್ ಇಟ್ಟು, ಅರ್ಧ ಮೀಟರ್ ಕೇಬಲ್ ಹಾಕಿ, ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್ ಕೇಳಿದೆ. ಆಹಾ! ಹಿಂದಿನ ತಂಬೂರಿ, ತಾನ್ ಮುಗಿದ ಕೂಡಲೇ ಅವರು ಉಸಿರು ಎಳೆದುಕೊಳ್ಳುವುದು, ಎಲ್ಲ ಬಿಡಿಬಿಡಿಯಾಗಿ ಕೇಳಿಸಿತು. ಸ್ಪೀಕರ್‌ಗೆ ಕಿವಿ ಇಟ್ಟರೂ ಹಮ್ ಇಲ್ಲ.

ಆಮೇಲೆ ಪವರ್ ಆಂಪನ್ನು ಹಾಲ್‌ನ ಆಚೆ ತುದಿಗೆ ಒಯ್ದು 5 ಮೀಟರ್ ಕೇಬಲ್ ಎಳೆದು, ಗೆಳೆಯರೊಬ್ಬರ 50 ಕಿಲೋ ಓಮ್ ಪಾಟ್ ಇರುವ ಪ್ಯಾಸಿವ್ ಹಾಕಿದೆ. ತಂಬೂರಿಯ ಮಿಂಚು ಸ್ವಲ್ಪ ಮಂಕಾಯಿತು. ಇದು ಬರೀ ಭ್ರಮೆಯಲ್ಲ, ಲೆಕ್ಕ ಇದೆ: ಆ ಪಾಟ್‌ನ ಔಟ್‌ಪುಟ್ ಇಂಪೀಡನ್ಸ್ (ಹೊರಗೆ ಹೋಗುವ ಸಿಗ್ನಲ್‌ಗೆ ಇರುವ ಅಡ್ಡಿ) 12.5 ಕಿಲೋ ಓಮ್‌ವರೆಗೆ ಏರುತ್ತದೆ, ಕೇಬಲ್‌ನ ಕೆಪ್ಯಾಸಿಟನ್ಸ್ (ತಾನೇ ಸ್ವಲ್ಪ ಚಾರ್ಜ್ ಹಿಡಿದಿಡುವ ಗುಣ) ಮೀಟರ್‌ಗೆ 100 ಪಿಕೋಫ್ಯಾರಡ್ ಅಂತ ಹಿಡಿದರೂ 20 ಕಿಲೋಹರ್ಟ್ಜ್‌ನ ತೀರಾ ಮೇಲಿನ ಸ್ವರದಲ್ಲಿ ಸುಮಾರು 2 ಡೆಸಿಬಲ್ ಬೀಳುತ್ತದೆ. 10 ಕಿಲೋ ಓಮ್ ಪಾಟ್‌ನಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕೆಲವು ವಾಲ್ವ್ (ಗಾಜಿನ ಟ್ಯೂಬ್) ಸೋರ್ಸ್‌ಗಳಿಗೆ ಅಷ್ಟು ಕಡಿಮೆ ಓಮ್‌ನ ಪಾಟ್ ಹೊರೆಯಾಗುತ್ತದೆ, ತಡೆಯುವುದಿಲ್ಲ.

ಆ್ಯಕ್ಟಿವ್ ಗೆಲ್ಲುವುದು ಇಲ್ಲೇ. ಒಳಗಿನ ಬಫರ್ (ಔಟ್‌ಪುಟ್ ಇಂಪೀಡನ್ಸ್ ತಗ್ಗಿಸುವ ಸರ್ಕ್ಯೂಟ್) ಉದ್ದ ಕೇಬಲ್‌ನಲ್ಲೂ ಸಿಗ್ನಲನ್ನು ಆರಾಮಾಗಿ ದಾಟಿಸುತ್ತದೆ. ಫೋನ್‌ನಿಂದ ಹಾಡು ಹಾಕುವವರಿಗೂ, ಸಿಗ್ನಲ್ ಸಣ್ಣದಿರುವುದರಿಂದ, ಇದೇ ಒಳ್ಳೆಯದು. ಆದರೆ ನನ್ನ ಬಳಿ ಇರುವ ಆ್ಯಕ್ಟಿವ್‌ನಲ್ಲಿ ಗೇನ್ ಜಾಸ್ತಿ, ನಾಬ್ ಚೂರು ತಿರುಗಿಸಿದರೆ ಮನೆ ಅದುರುತ್ತದೆ. ಕರೆಂಟ್ ಹೋದಾಗ ವೂಫರ್ ದಪ್ ಅನ್ನುತ್ತದೆ, ಕರೆಂಟ್ ಹೋದ ಕೂಡಲೇ ಔಟ್‌ಪುಟ್ ಬಂದ್ ಮಾಡುವ ಮ್ಯೂಟ್ ರಿಲೇ ಇದ್ದಿದ್ದರೆ ಅನ್ನುತ್ತಿರಲಿಲ್ಲ. ನಮ್ಮೂರಲ್ಲಿ ಕೊಳ್ಳುವವರು ರಿಲೇ ಇದೆಯಾ ಅಂತ ಕೇಳಿಯೇ ಕೊಳ್ಳಿ.

ಸೋರ್ಸ್ 2 ವೋಲ್ಟಿನದು, ಕೇಬಲ್ ಗಿಡ್ಡ ಅಂದರೆ ಸುಮ್ನೆ ಪ್ಯಾಸಿವ್ ತಗೊಳ್ಳಿ, ನನ್ನ ಸಿಸ್ಟಮ್‌ನಲ್ಲಿ ಈಗ ಅದೇ ಇದೆ. ಟರ್ನ್‌ಟೇಬಲ್ ಇದ್ದರೆ ಅದರ ಪುಟ್ಟ ಸಿಗ್ನಲ್ ದೊಡ್ಡದು ಮಾಡುವ ಫೋನೋ ಸ್ಟೇಜ್ ಬೇರೆ ಬೇಕೇ ಬೇಕು. ಪಾಟ್ ಮಾತ್ರ ಅಗ್ಗದ್ದು ಬೇಡ, ಸಣ್ಣ ವಾಲ್ಯೂಮ್‌ನಲ್ಲಿ ಎಡ ಬಲ ಸಮ ಇರುವುದಿಲ್ಲ.