ಕಾಡಿನ ‘ಕೋಟಾ’ ಎಂದವನಿಗೆ ದುಡ್ಡು ಕೊಟ್ಟು ಬಂದೆ

ಮಳೆ ಬಿಟ್ಟಿದೆ, ಗುಡ್ಡದ ಹುಲ್ಲು ಇನ್ನೂ ಹಸಿರಾಗಿದೆ. ಮಂಗಳೂರು, ಉಡುಪಿಯ ಅರ್ಧ ಜನ ಶನಿವಾರ ಭಾನುವಾರ ಘಟ್ಟ ಹತ್ತುವ ಹೊತ್ತು ಇದು. ಕುದುರೆಮುಖದ ಕಡೆಗೆ ಚಾರಣಕ್ಕೆಂದು ಯಾರಿಗಾದರೂ ಮುಂಗಡ ಕಳಿಸುವವರಿದ್ದರೆ, ಕಳಿಸುವ ಮೊದಲು ಇದನ್ನೊಮ್ಮೆ ಓದಿ. ನಾವು ಆರು ಮಂದಿ ತಲೆಗೆ 1,600ರಂತೆ ಒಟ್ಟು 9,600 ರೂಪಾಯಿ ಕೊಟ್ಟು, ನೇತ್ರಾವತಿ ಶಿಖರವನ್ನು ಕೆಳಗಿನಿಂದಲೇ ನೋಡಿ ಬಂದಿದ್ದೇವೆ.

ತಪ್ಪು ನನ್ನದೇ. ಅಕ್ಕನ ಮಕ್ಕಳಿಬ್ಬರು ಬೆಂಗಳೂರಿನಿಂದ ರಜೆಗೆ ಬಂದಿದ್ದರು. ಪಿಲಿಕುಳ, ಪಣಂಬೂರು ಎಲ್ಲ ಅವರಿಗೆ ಸಣ್ಣಂದಿನಲ್ಲೇ ಮುಗಿದಿದೆ. ಈ ಸಲ ಬೆಟ್ಟವೇ ಆಗಬೇಕು ಎಂದರು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ತೆರೆದರೆ ಆ ಭಾನುವಾರದ ಜಾಗವೆಲ್ಲ ಭರ್ತಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ್ದು ನೆನಪಿರಬಹುದು. ಆಮೇಲೆ ಆನ್‌ಲೈನ್ ಟಿಕೆಟ್ ಇಲ್ಲದೆ ಚಾರಣವಿಲ್ಲ, ದಿನಕ್ಕೆ ಇಂತಿಷ್ಟೇ ಜನ ಎಂಬ ಕಟ್ಟುನಿಟ್ಟು ಬಂತು. ಭರ್ತಿ ಎಂದರೆ ಭರ್ತಿ. ನಾನು ಸುಮ್ಮನೆ ಮುಂದಿನ ವಾರದ ಗುರುವಾರವನ್ನೋ ಶುಕ್ರವಾರವನ್ನೋ ಹುಡುಕಬೇಕಿತ್ತು.

ಹುಡುಕಲಿಲ್ಲ. ಮೊಬೈಲಿನಲ್ಲಿ ಒಂದು ಇನ್‌ಸ್ಟಾಗ್ರಾಮ್ ಪುಟ ಕಣ್ಣಿಗೆ ಬಿತ್ತು. ‘ಸೀಟು ಭರ್ತಿಯಾಗಿದೆಯೇ? ಚಿಂತೆ ಬೇಡ, ನಮ್ಮಲ್ಲಿ ಕೋಟಾ ಇದೆ’ ಎಂದಿತ್ತು. ರೈಲಿಗೆ ಕೋಟಾ ಇರುತ್ತದೆ, ಕಾಡಿಗೆ ಎಲ್ಲಿಯ ಕೋಟಾ ಎಂದು ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ನನಗೆ ಹೊಳೆಯಬಾರದಿತ್ತೇ? ಫೋನಿನಲ್ಲಿ ಮಾತಾಡಿದವನು ಮಂಗಳೂರು ಕನ್ನಡದಲ್ಲೇ ನಯವಾಗಿ ಮಾತಾಡಿದ. ಅನುಮತಿ, ಮಾರ್ಗದರ್ಶಿ, ಜೀಪು, ಮಧ್ಯಾಹ್ನದ ಊಟ ಎಲ್ಲ ಸೇರಿ 1,600. ಎಲ್ಲರ ಆಧಾರ್ ಪ್ರತಿ ಬೇಕು ಎಂದ. ‘ಇಲಾಖೆಯ ದಾಖಲೆಗೆ’ ಒಂದು ಗುಂಪಿನ ಫೋಟೊವೂ ಬೇಕು ಎಂದ. ಪಣಂಬೂರು ಕಡಲತೀರದಲ್ಲಿ ತೆಗೆದದ್ದನ್ನು ಕಳಿಸಿದೆ. ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟಿನ ಚಿತ್ರ ಬಂತು. ಅದರ ಮೇಲೆ ನಮ್ಮ ಆರೂ ಹೆಸರು, ಕೆಳಗೆ ಕ್ಯೂಆರ್ ಕೋಡ್. ಭಾವ ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ ಮಾರಾಯ, ನಿನಗೂ ಪರಿಚಯದವರು ಇದ್ದಾರೆ" ಎಂದರು. ನಾನು ಉಬ್ಬಿದೆ.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಅಲ್ಲಿಂದ ಮಾಳದ ಘಾಟಿ. ಬಜಗೋಳಿಯೊಳಗೆ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಕಾಡಿನ ದಾರಿಯಲ್ಲಿ ಪೆಟ್ರೋಲ್ ಸಿಗುತ್ತದೆಂದು ನಂಬಿಕೊಳ್ಳಬೇಡಿ. ತನಿಖಾ ಠಾಣೆಯಲ್ಲಿ ಗಾಡಿಯ ಸಂಖ್ಯೆ, ಗಂಟೆ ಬರೆದು ಚೀಟಿ ಕೊಟ್ಟರು. ನಡುವೆ ಎಲ್ಲಿಯೂ ನಿಲ್ಲಿಸಬೇಡಿ, ಆಚೆ ಗೇಟಿನಲ್ಲಿ ಸಮಯ ನೋಡುತ್ತಾರೆ ಎಂದು ಹೇಳಿಯೇ ಕಳಿಸಿದರು. ಎಸ್.ಕೆ. ಬಾರ್ಡರ್ ಎಂದರೆ ಹಳೆಯ ಸೌತ್ ಕೆನರಾದ ಗಡಿ. ಅಲ್ಲಿ ಶೃಂಗೇರಿಯ ದಾರಿ ಬಿಟ್ಟು ಕುದುರೆಮುಖದ ಕಡೆಗೆ ತಿರುಗಿದ ಮೇಲೆ ಮಂಜೋ ಮಂಜು. ಮೊಬೈಲಿನ ನಕ್ಷೆ ಮೂರು ಗಂಟೆ ಎಂದಿತ್ತು. ಸಂಸೆ ತಲುಪುವಾಗ ಎಂಟೂಕಾಲು. ಆ ನಕ್ಷೆಗೆ ಮಂಜೂ ಕಾಣುವುದಿಲ್ಲ, ತಿರುವಿಗೊಮ್ಮೆ ವಾಂತಿ ಮಾಡುವ ಸೋದರಳಿಯನೂ ಕಾಣುವುದಿಲ್ಲ.

ಚಾರಣದ ಗೇಟಿನಲ್ಲಿದ್ದ ಅರಣ್ಯ ಸಿಬ್ಬಂದಿ ನನ್ನ ಮೊಬೈಲ್ ತೆಗೆದುಕೊಂಡು ತನ್ನ ಪಟ್ಟಿಯ ಜೊತೆ ಹಿಡಿದು ನೋಡಿದ. ಮತ್ತೆ ನೋಡಿದ. ಆಮೇಲೆ ಏನೂ ಹೇಳದೆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನನ್ನ ಮುಂದೆ ಹಿಡಿದ. ನಮ್ಮ ಹೆಸರುಗಳ ಅಕ್ಷರ ಉಳಿದ ಸಾಲುಗಳಿಗಿಂತ ಒಂದು ಚೂರು ದಪ್ಪ. ಅಕ್ಷರದ ಹಿಂದಿನ ಬಿಳಿ ಕೂಡ ಬೇರೆಯೇ ಬಿಳಿ, ಹಳೆಯ ಗೋಡೆಗೆ ತೇಪೆ ಹಾಕಿ ಸುಣ್ಣ ಬಳಿದ ಹಾಗೆ. ಟಿಕೆಟಿನ ಸಂಖ್ಯೆ ನಿಜವಾದದ್ದೇ. ಆದರೆ ಆ ಸಂಖ್ಯೆಯ ನಿಜವಾದ ಒಡೆಯರು ಏಳು ಗಂಟೆಗೇ ಬೆಟ್ಟ ಹತ್ತಿಯಾಗಿತ್ತು. "ಇದೇ ನಂಬರಿನಲ್ಲಿ ಬಂದವರಲ್ಲಿ ನೀವು ಮೂರನೆಯವರು ಸಾರ್" ಎಂದ. ಗೇಟಿನ ಪಕ್ಕದ ಕಲ್ಲಿನ ಮೇಲೆ ಎರಡನೆಯವರು ಕೂತಿದ್ದರು. ಹಾಸನದ ಹುಡುಗರು, ಶೂಗಳಿಗೆ ಇನ್ನೂ ಅಂಗಡಿಯ ವಾಸನೆ ಇತ್ತು.

ಕೋಟಾದವನ ಫೋನ್ ಬಂದ್. ನಮ್ಮಲ್ಲಿ ಇಬ್ಬರ ಮೊಬೈಲಿಗೆ ನೆಟ್‌ವರ್ಕೇ ಇರಲಿಲ್ಲ. ಸ್ಥಳದಲ್ಲಿ ಟಿಕೆಟ್ ಕೊಡುವ ಕ್ರಮ ಇಲ್ಲ ಎಂದು ಸಿಬ್ಬಂದಿ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟರಲ್ಲಿ ಒಬ್ಬ ಬೈಕಿನವನು ಬದಿಗೆ ಕರೆದು, ತಲೆಗೆ 500 ಕೊಟ್ಟರೆ ಎಸ್ಟೇಟಿನ ಹಿಂದಿನಿಂದ ಕಳಿಸುತ್ತೇನೆ ಎಂದ. ಭಾವನ ಕೈ ಪರ್ಸಿನ ಕಡೆ ಹೋಗಿತ್ತು. ಅಕ್ಕ, "ಬಂದ ದಾರಿಯಲ್ಲೇ ಹೋಗುವಾ, ಇವರೊಬ್ಬರು!" ಎಂದು ಗದರಿದಳು. ಅಕ್ಕನಿಗೆ ನಾವೆಲ್ಲರೂ ಋಣಿ. ಇದು ರಾಷ್ಟ್ರೀಯ ಉದ್ಯಾನ. ಒಪ್ಪಿಗೆಯಿಲ್ಲದೆ ಒಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಿಕ್ಕಿಬಿದ್ದಾಗ ಹೆಸರು ಬರೆಸಬೇಕಾದವರು ನಾವು, ಬೈಕಿನವನಲ್ಲ.

ಕಳಸ ದಾಟಿ ಹೊರನಾಡಿಗೆ ಹೋದೆವು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಮಾಡಿದೆವು. ಆ ದಿನ ಹೇಳಿದ ಹಾಗೆ ಸಿಕ್ಕಿದ್ದು ಅದೊಂದೇ. ಹಿಂದೆ ಬರುವಾಗ ಮಕ್ಕಳ ಮುಖ ನೋಡಲಾರದೆ, ಒಂದು ತಿರುವಿನಲ್ಲಿ ಹುಲ್ಲಿನ ಗುಡ್ಡ ಚೆನ್ನಾಗಿದೆಯೆಂದು ಗಾಡಿ ನಿಲ್ಲಿಸಿದೆ. ಫೋಟೊ, ಬಾಳೆಹಣ್ಣು, ಹರಟೆ ಎಂದು ಅರ್ಧ ಗಂಟೆ ಹೋಯಿತು. ಮಾಳದ ಕಡೆಯ ಗೇಟಿನಲ್ಲಿ ಚೀಟಿ ನೋಡಿ ದಂಡ ಹಾಕಿದರು. ನ್ಯಾಯವಾದ ದಂಡವೇ, ಬೆಳಿಗ್ಗೆಯೇ ಹೇಳಿದ್ದರಲ್ಲ.

ಕಾರ್ಕಳದಲ್ಲಿ ನೆಟ್‌ವರ್ಕ್ ಸಿಕ್ಕಿದೊಡನೆ 1930ಕ್ಕೆ ಕರೆ ಮಾಡಿದೆ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಅದೇ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ದುಡ್ಡು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಾನು ದುಡ್ಡು ಕಳಿಸಿ ಆರು ದಿನವಾಗಿತ್ತು. ಯುಪಿಐ ಪಾವತಿಯಲ್ಲಿ ಬಂದ ಹೆಸರು ಫೋನಿನಲ್ಲಿ ಮಾತಾಡಿದವನ ಹೆಸರಾಗಿರಲಿಲ್ಲ ಎಂಬುದನ್ನು ದೂರು ಬರೆಸುವಾಗಲೇ ನಾನು ಮೊದಲ ಸಲ ಗಮನಿಸಿದ್ದು. ದೂರಿನ ಸಂಖ್ಯೆ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ದುಡ್ಡಿಗಿಂತ ಹೆಚ್ಚು ಕೊರೆಯುತ್ತಿರುವುದು ಆ ಆರು ಆಧಾರ್ ಪ್ರತಿಗಳು. ಎಲ್ಲರ ಬಯೊಮೆಟ್ರಿಕ್ ಲಾಕ್ ಮಾಡಿಸಿದ್ದೇನೆ, ಆಧಾರ್‌ನವರ ಜಾಲತಾಣದಲ್ಲೇ ಆಗುತ್ತದೆ.

ಟಿಕೆಟನ್ನು ನಿಮ್ಮ ಮೊಬೈಲ್ ಸಂಖ್ಯೆಯಿಂದ ನೀವೇ ತೆಗೆಯಿರಿ. ಬೇರೆಯವರು ತೆಗೆದುಕೊಟ್ಟರೆ ಜಾಲತಾಣದಿಂದ ಇಳಿಸಿದ ಮೂಲ ಕಡತವನ್ನೇ ಕೇಳಿ. ಚಿತ್ರ ಮಾತ್ರ ಕಳಿಸುತ್ತೇನೆ ಎಂದರೆ ಅಲ್ಲಿಗೇ ಬಿಡಿ.

ಆ ಪುಟ ಎರಡೇ ದಿನದಲ್ಲಿ ಮಾಯವಾಯಿತು. ಮೊನ್ನೆ ಸೋದರ ಸೊಸೆ ಬೆಂಗಳೂರಿನಿಂದ ಒಂದು ಚಿತ್ರ ಕಳಿಸಿದಳು. ಹೊಸ ಹೆಸರು, ಹೊಸ ಪುಟ, ಅದೇ ‘ಕೋಟಾ ಇದೆ’. ಕೆಳಗೆ ‘ನಮ್ಮ ಸಂತೃಪ್ತ ಚಾರಣಿಗರು’ ಎಂಬ ಸಾಲಿನಲ್ಲಿ ನಾವು ಆರು ಮಂದಿ ಪಣಂಬೂರಿನಲ್ಲಿ ನಗುತ್ತಾ ನಿಂತಿದ್ದೇವೆ, ಭಾವ ಹೆಬ್ಬೆರಳು ಎತ್ತಿದ್ದಾರೆ. ಹಿಂದಿನ ಕಡಲನ್ನು ಅಳಿಸಿ ಬೆಟ್ಟ ಕೂರಿಸಿದ್ದಾರೆ.