ಆನ್‌ಲೈನ್‌ನಲ್ಲಿ ಬ್ರೇಕ್ ಪ್ಯಾಡ್ ತರಿಸುವ ಮುನ್ನ ಮಾರುವವರು ಯಾರೆಂದು ನೋಡಿ

ಕಾರಿನ ಬಿಡಿಭಾಗಗಳನ್ನು ಆನ್‌ಲೈನ್ ಮಾರಾಟ ತಾಣಗಳಿಂದ ತರಿಸಿಕೊಳ್ಳುವವರು ಸಾಮಾನ್ಯವಾಗಿ ಬೆಲೆ ನೋಡುತ್ತಾರೆ, ನಕ್ಷತ್ರಗಳು ಎಷ್ಟಿವೆ ಎಂದು ನೋಡುತ್ತಾರೆ, ಕೊಂಡವರು ಬರೆದ ಅಭಿಪ್ರಾಯಗಳನ್ನು ಓದುತ್ತಾರೆ. ಈ ಮೂರನ್ನೂ ನೋಡಿದ ಮೇಲೆಯೇ ನಾನು ದಾವಣಗೆರೆಯ ನಮ್ಮ ಮನೆಯ ಕಾರಿಗೆ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನೂ ಒಂದು ಆಯಿಲ್ ಫಿಲ್ಟರನ್ನೂ ತರಿಸಿದ್ದೆ. ಎರಡೂ ನಕಲಿ ಎಂಬುದು ಹೆದ್ದಾರಿಯಲ್ಲಿ ಬ್ರೇಕ್ ಕೈಕೊಟ್ಟ ಮೇಲೆ ತಿಳಿಯಿತು. ತಾಣದ ಹೆಸರನ್ನಾಗಲಿ, ಬ್ರ್ಯಾಂಡಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ದೂರು ಇನ್ನೂ ಇತ್ಯರ್ಥವಾಗಿಲ್ಲ ಎನ್ನುವುದು ಒಂದು ಕಾರಣ. ಹಲವು ಮಾರಾಟಗಾರರಿಗೆ ಜಾಗ ಕೊಡುವ ಯಾವ ತಾಣದಲ್ಲಾದರೂ ಇದು ನಡೆಯಬಹುದಾದ್ದರಿಂದ ಹೆಸರು ತಿಳಿದು ಓದುಗರಿಗೆ ಹೆಚ್ಚಿನ ಪ್ರಯೋಜನವಿಲ್ಲ ಎನ್ನುವುದು ಇನ್ನೊಂದು.

ಪಿ.ಬಿ. ರಸ್ತೆಯ ಆಟೋಮೊಬೈಲ್ಸ್ ಅಂಗಡಿಯಲ್ಲಿ ಇದೇ ಪ್ಯಾಡಿಗೆ ಡಬ್ಬಿಯ ಮೇಲಿನ ಬೆಲೆಯಲ್ಲಿ ಸ್ವಲ್ಪ ಬಿಟ್ಟು ಹೇಳಿದ್ದರು. ತಾಣದಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಕಡಿಮೆಗೆ ಸಿಗುತ್ತಿತ್ತು. ಅರ್ಧ ಬೆಲೆಗೆ ಸಿಕ್ಕಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ; ಅನುಮಾನ ಬರುವುದಕ್ಕೆ ಸ್ವಲ್ಪ ಈಚೆಗೆ ಬೆಲೆ ಇಡುವುದು ಈ ವ್ಯಾಪಾರದ ಜಾಣತನ ಎಂದು ಈಗ ನನಗೆ ಅನಿಸುತ್ತದೆ.

ಹದಡಿ ರಸ್ತೆಯ ನಮ್ಮ ಮೆಕ್ಯಾನಿಕ್ ಪ್ಯಾಡುಗಳನ್ನು ಹಾಕಿಕೊಟ್ಟರು. ಮೊದಲು ಕೀರಲು ಸದ್ದು ಬರುತ್ತಿತ್ತು. ಹೊಸ ಪ್ಯಾಡುಗಳು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಸದ್ದು ಬರುವುದುಂಟು ಎಂಬ ಕಾರಣಕ್ಕೆ ಅವರೂ ನಾವೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆ ಬಳಿಕ ಕುಟುಂಬದವರೊಂದಿಗೆ ಚಿತ್ರದುರ್ಗಕ್ಕೆ ಹೊರಟಾಗ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರ ಸಮೀಪಿಸುತ್ತಿದ್ದಂತೆ ಮುಂದಿದ್ದ ಲಾರಿಯೊಂದು ಸೂಚನೆ ಕೊಡದೆ ಬಲಕ್ಕೆ ಬಂದಿತು. ಪೆಡಲನ್ನು ಪೂರ್ತಿ ಒತ್ತಿದರೂ ಕಾರು ಹಿಡಿತಕ್ಕೆ ಬರಲು ಬೇಕಾದುದಕ್ಕಿಂತ ಬಹಳ ದೂರ ತೆಗೆದುಕೊಂಡಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದಿನ ಜೊತೆಗೆ ಸುಟ್ಟ ವಾಸನೆಯೂ ಬಂದಿತು. ಲಾರಿಯ ಹಿಂಬದಿಗೂ ನಮ್ಮ ಬಾನೆಟ್ಟಿಗೂ ಅಂತರ ಉಳಿದದ್ದು ಎಡಬದಿಯ ಪಥ ಖಾಲಿಯಿದ್ದ ಕಾರಣಕ್ಕೆ ಮಾತ್ರ. ಕಾರನ್ನು ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿ, ಭರಮಸಾಗರದ ಗ್ಯಾರೇಜಿನವರನ್ನು ಅಲ್ಲಿಗೇ ಕರೆಸಿಕೊಂಡೆವು.

ಚಕ್ರ ಬಿಚ್ಚಿ ಪ್ಯಾಡುಗಳನ್ನು ಹೊರತೆಗೆದ ಆತ, ಕಾರಿನಲ್ಲೇ ಉಳಿದಿದ್ದ ಡಬ್ಬಿಯನ್ನು ಕೇಳಿ ಪಡೆದು ತಿರುಗಿಸಿ ನೋಡಿ, “ಇದು ಕಂಪನಿ ಮಾಲಲ್ರೀ ಸರ್, ಡಬ್ಬಿ ಅಷ್ಟೇ ಕಂಪನೀದು” ಎಂದರು. ಊರಿಗೆ ಮರಳಿದ ಮೇಲೆ ಅಧಿಕೃತ ಡೀಲರ್ ಕೌಂಟರಿನಲ್ಲಿ ಕೊಂಡ ಪ್ಯಾಡುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ಆ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯಿತು. ಪ್ಯಾಡ್ ಎಂದರೆ ಉಕ್ಕಿನ ತಗಡಿನ ಮೇಲೆ ಒತ್ತಿ, ಕಾಯಿಸಿ, ಬಿಡದಂತೆ ಕೂರಿಸಿದ ಸವೆಯುವ ಪದರ. ಅಸಲಿಯಲ್ಲಿ ಬಿಡಿಭಾಗದ ಸಂಖ್ಯೆಯನ್ನು ಉಕ್ಕಿಗೇ ಅಚ್ಚೊತ್ತಲಾಗಿತ್ತು, ಪದರದ ಎರಡೂ ಅಂಚುಗಳನ್ನು ಓರೆಯಾಗಿ ಕತ್ತರಿಸಲಾಗಿತ್ತು, ಸವೆತ ಮಿತಿ ಮೀರಿದಾಗ ಡಿಸ್ಕಿಗೆ ತಾಗಿ ಸದ್ದು ಮಾಡುವ ಉಕ್ಕಿನ ಸಣ್ಣ ನಾಲಿಗೆಯಿತ್ತು. ನಮಗೆ ಬಂದದ್ದರಲ್ಲಿ ಸಂಖ್ಯೆಯನ್ನು ಬರೀ ಶಾಯಿಯಲ್ಲಿ ಮುದ್ರಿಸಿದ್ದರು. ಹೆಬ್ಬೆರಳಿನಿಂದ ಉಜ್ಜಿದರೆ ಅದು ಅಳಿಸಿಹೋಗುತ್ತಿತ್ತು. ಎಡ ಚಕ್ರದ ಪ್ಯಾಡಿನ ಒಂದು ಮೂಲೆ ಪುಡಿಯಾಗಿ ಉದುರಿತ್ತು. ಬಲ ಚಕ್ರದ್ದರಲ್ಲಿ ಪದರವೇ ತಗಡಿನಿಂದ ಬಿಟ್ಟುಕೊಂಡು, ಆ ಸಂದಿಯಲ್ಲಿ ಉಗುರು ತೂರಿಸಬಹುದಾಗಿತ್ತು. ಡಬ್ಬಿಯ ಮೇಲಿನ ಹೊಲೋಗ್ರಾಂ ಎಂಬುದು ಮಿರುಗುವ ಚೀಟಿಯಷ್ಟೇ ಆಗಿತ್ತು. ವಾಲಿಸಿ ನೋಡಿದರೆ ಚಿತ್ರ ಬದಲಾಗುತ್ತಿರಲಿಲ್ಲ. ತಯಾರಿಕೆಯ ತಿಂಗಳು, ವರ್ಷ ಇರಬೇಕಾದ ಜಾಗ ಖಾಲಿಯಿತ್ತು. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ ಮತ್ತು ದೂರು ಸಲ್ಲಿಸುವ ಸಂಪರ್ಕ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಆದ್ದರಿಂದ ಡಬ್ಬಿಯನ್ನು ಹರಿದು ಎಸೆಯುವ ಮೊದಲು ಅದರ ನಾಲ್ಕೂ ಬದಿಗಳನ್ನು ಓದುವುದು ಒಳ್ಳೆಯದು.

ಪ್ಯಾಡಿನ ಗತಿ ಹೀಗಾದ ಮೇಲೆ ಫಿಲ್ಟರನ್ನು ನಂಬುವಂತಿರಲಿಲ್ಲ. ಅದನ್ನು ಬಿಚ್ಚಿ ಹ್ಯಾಕ್ಸಾದಿಂದ ಕೊಯ್ದು ನೋಡಿದಾಗ ಒಳಗಿನ ಕಾಗದದ ಮಡಿಕೆಗಳು ಅಸಲಿಯಲ್ಲಿ ಇರುವುದರ ಅರ್ಧದಷ್ಟೂ ಇರಲಿಲ್ಲ. ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿದು ಹೋಗದಂತೆ ತಡೆಯುವ ರಬ್ಬರಿನ ಕವಾಟ ಇರಲೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೆಲವು ಕ್ಷಣ ಕೇಳಿಸುತ್ತಿದ್ದ ಕಟಕಟ ಸದ್ದಿಗೆ ಕಾರಣ ಅಲ್ಲಿ ಸಿಕ್ಕಿತು.

ಇಷ್ಟು ಕಳಪೆ ಮಾಲಿಗೆ ಅಷ್ಟೊಂದು ಒಳ್ಳೆಯ ಅಭಿಪ್ರಾಯಗಳು ಬಂದದ್ದು ಹೇಗೆ? ನನ್ನ ಈ ಬರಹದ ಮುಖ್ಯ ವಿಷಯವೇ ಇದು. ಬಹಳಷ್ಟು ತಾಣಗಳಲ್ಲಿ ಒಂದು ವಸ್ತುವಿಗೆ ಒಂದೇ ಪುಟವಿರುತ್ತದೆ, ಆ ಪುಟದಡಿ ಹಲವು ಮಾರಾಟಗಾರರು ಇರುತ್ತಾರೆ. ನಕ್ಷತ್ರಗಳು ಆ ಪುಟಕ್ಕೆ ಸೇರಿದವು. ಹಿಂದೆ ಬೇರೊಬ್ಬ ಮಾರಾಟಗಾರನಿಂದ ಅಸಲಿ ಮಾಲು ಪಡೆದವರು ಮೆಚ್ಚಿ ಬರೆದದ್ದೆಲ್ಲ ಅಲ್ಲಿಯೇ ಉಳಿದಿರುತ್ತದೆ. ನಿನ್ನೆ ಮೊನ್ನೆ ಬಂದು ಅದೇ ಪುಟದಲ್ಲಿ ಕಡಿಮೆ ಬೆಲೆ ನಮೂದಿಸಿದವನು ಆ ಹೊಗಳಿಕೆಯ ನೆರಳಿನಲ್ಲಿ ತನ್ನ ಮಾಲನ್ನು ಸಾಗಿಸುತ್ತಾನೆ. ‘ಈಗಲೇ ಕೊಳ್ಳಿ’ ಎಂಬ ಗುಂಡಿ ಒತ್ತಿದಾಗ ಯಾರ ಮಾಲು ಬರುತ್ತದೆ ಎಂಬುದು ಗುಂಡಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಆ ಹೆಸರಿನ ಮೇಲೆ ಒತ್ತಿ, ಮಾರಾಟಗಾರನಿಗೇ ಪ್ರತ್ಯೇಕವಾಗಿ ಬಂದಿರುವ ಅಭಿಪ್ರಾಯಗಳನ್ನು, ಅದರಲ್ಲೂ ಇತ್ತೀಚಿನವನ್ನು ಓದಬೇಕು. ನಮ್ಮ ಮಾರಾಟಗಾರನ ಪುಟವನ್ನು ಆಮೇಲೆ ತೆರೆದಾಗ ಅಲ್ಲಿದ್ದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಮೊಬೈಲ್ ಕವರುಗಳ ಬಗ್ಗೆ ಇದ್ದವು. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರನ ವ್ಯವಹಾರದ ಹೆಸರು, ವಿಳಾಸ, ಗ್ರಾಹಕ ಸೇವಾ ಸಂಖ್ಯೆ ಮತ್ತು ಆತನಿಗೆ ಬಂದಿರುವ ರೇಟಿಂಗನ್ನು ತಾಣವು ಗ್ರಾಹಕರಿಗೆ ಕಾಣುವಂತೆ ತೋರಿಸಬೇಕು. ತೋರಿಸುತ್ತಾರೆ, ನಿಜ, ಹುಡುಕುವವರಿಗೆ ಮಾತ್ರ ಸಿಗುವ ಹಾಗೆ.

ಬಿಲ್ಲಿನಲ್ಲೂ ಗುಟ್ಟಿತ್ತು. ಬ್ರೇಕಿನ ಭಾಗಗಳು ಸಾಮಾನ್ಯವಾಗಿ ಸರಕಿನ ಬಗೆಯನ್ನು ತೆರಿಗೆಗಾಗಿ ಗುರುತಿಸುವ 8708 ಎಂಬ ಎಚ್‌ಎಸ್‌ಎನ್ ಸಂಕೇತದಡಿ ಬರುತ್ತವೆ. ನಮ್ಮ ಬಿಲ್ಲಿನಲ್ಲಿ 3926 ಎಂದಿತ್ತು, ಅಂದರೆ ಪ್ಲಾಸ್ಟಿಕ್ ಸಾಮಾನು. ವಿವರಣೆಯ ಸಾಲಿನಲ್ಲಿ ಬ್ರ್ಯಾಂಡಿನ ಹೆಸರೇ ಇರಲಿಲ್ಲ, ‘ಕಾರ್ ಆಕ್ಸೆಸರಿ’ ಎಂದಷ್ಟೇ ಇತ್ತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ (ಕರ್ನಾಟಕಕ್ಕೆ 29), ಮತ್ತು ಇಡೀ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವ್ಯವಹಾರದ ಹೆಸರೂ ನೋಂದಣಿಯ ಸ್ಥಿತಿಯೂ ಲಾಗಿನ್ ಇಲ್ಲದೆಯೇ ಕಾಣುತ್ತವೆ. ಪೆಟ್ಟಿಗೆ ಬಿಚ್ಚುವ ದಿನವೇ, ಮರಳಿಸುವ ಅವಧಿ ಇನ್ನೂ ಇರುವಾಗ, ಇಷ್ಟನ್ನು ನೋಡಿಕೊಳ್ಳಲು ಐದು ನಿಮಿಷ ಸಾಕು.

ತಾಣಕ್ಕೆ ದೂರು ಕೊಟ್ಟಾಗ ಬಂದ ಮೊದಲ ಉತ್ತರ, ಅಳವಡಿಸಿದ ವಸ್ತುವನ್ನು ಹಿಂಪಡೆಯುವುದಿಲ್ಲ, ಅವಧಿಯೂ ಮುಗಿದಿದೆ ಎಂಬುದಾಗಿತ್ತು. ಬ್ರೇಕ್ ಪ್ಯಾಡನ್ನು ಅಳವಡಿಸದೆ ಪರೀಕ್ಷಿಸುವುದು ಹೇಗೆಂದು ಕೇಳಿದ್ದಕ್ಕೆ ಅದೇ ಉತ್ತರ ಮತ್ತೊಮ್ಮೆ ಬಂದಿತು. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಸರಕು ದೋಷಪೂರಿತವೋ ನಕಲಿಯೋ ಆಗಿದ್ದರೆ ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಮೇಲೆ ಹೇಳಿದ 2020ರ ನಿಯಮಗಳಲ್ಲಿಯೇ ಇದೆ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲಿಯೇ ಇರುತ್ತವೆ. ಚಾಟ್ ಪೆಟ್ಟಿಗೆಯಲ್ಲಿ ವಾದಿಸಿ ಕಾಲ ಕಳೆಯುವ ಬದಲು ನೇರವಾಗಿ ಅವರಿಗೇ ಬರೆದು, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದಾಖಲಿಸಿದ ಮೇಲೆ ಉತ್ತರಗಳ ಧಾಟಿ ಬದಲಾಯಿತು. ಪ್ಯಾಡು ಮತ್ತು ಫಿಲ್ಟರಿನ ಬೆಲೆ ಮರಳಿಸಲು ಒಪ್ಪಿದರು. ಗೀಚು ಬಿದ್ದು ಕೆಟ್ಟ ಎರಡು ಡಿಸ್ಕುಗಳು, ಹೊಸ ಆಯಿಲ್, ಎರಡು ಬಾರಿಯ ಮಜೂರಿ, ಇವುಗಳ ಮಾತೆತ್ತಿದಾಗ ಮಾತ್ರ ಕೈತೊಳೆದುಕೊಂಡರು. ಈ ಖರ್ಚು ಉಳಿತಾಯವೆಂದುಕೊಂಡಿದ್ದ ಹಣದ ಹಲವು ಪಟ್ಟು ಆಗಿದ್ದರಿಂದ ಮೂಗಿಗಿಂತ ಮೂಗುತಿ ಭಾರವಾಯಿತು.

ಆನ್‌ಲೈನ್ ಖರೀದಿಯನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ವೈಪರ್, ಮ್ಯಾಟ್, ಸೀಟ್ ಕವರ್‌ಗಳಲ್ಲಿ ಮೋಸವಾದರೆ ಹಣ ಹೋಗುತ್ತದೆ, ಅಷ್ಟೇ. ಬ್ರೇಕು, ಸ್ಟಿಯರಿಂಗ್, ಸಸ್ಪೆನ್ಷನ್ ಭಾಗಗಳನ್ನು ಮಾತ್ರ ತಯಾರಕರ ಸ್ವಂತ ತಾಣದಿಂದಲೋ ಡೀಲರ್ ಕೌಂಟರಿನಿಂದಲೋ ಬಿಲ್ ಸಮೇತ ಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಟೈರು ತರಿಸುವವರು ಅಸಲಿ ಕಂಪನಿಯದೇ ಬಂದರೂ ಅದರ ವಯಸ್ಸು ನೋಡಬೇಕು. ಟೈರಿನ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಬ್ಬರು ಹೊರನೋಟಕ್ಕೆ ಕಪ್ಪಗೆ ಹೊಳೆಯುತ್ತಿದ್ದರೂ ಒಳಗೆ ಗಟ್ಟಿಯಾಗಿರುತ್ತದೆ.

ಹೊಸ ಕಾರಿನ ವಿಷಯದಲ್ಲಿ ಮೋಸದ ಬಗೆ ಬೇರೆ. ಚಳ್ಳಕೆರೆಯ ನಮ್ಮ ಸಂಬಂಧಿಕರೊಬ್ಬರಿಗೆ, ಭಾರಿ ರಿಯಾಯಿತಿಯಲ್ಲಿ ಹೊಸ ಕಾರನ್ನು ಆನ್‌ಲೈನ್‌ನಲ್ಲೇ ಬುಕ್ ಮಾಡಿ ಮನೆ ಬಾಗಿಲಿಗೆ ತರಿಸಿಕೊಳ್ಳಬಹುದೆಂಬ ಲಿಂಕ್ ಬಂದಿತ್ತು. ಮುಂಗಡ ಹೋಗಬೇಕಾದದ್ದು ಒಬ್ಬ ವ್ಯಕ್ತಿಯ ಯುಪಿಐ ಖಾತೆಗೆ. ಅವರು ಹಣ ಕಳುಹಿಸುವ ಮುನ್ನ ಷೋರೂಮಿಗೆ ಫೋನ್ ಮಾಡಿ ವಿಚಾರಿಸಿದ್ದರಿಂದ ಉಳಿದುಕೊಂಡರು. ವಾಹನ ಮಾರುವವರಿಗೆ ಸಾರಿಗೆ ಇಲಾಖೆ ಕೊಡುವ ಟ್ರೇಡ್ ಸರ್ಟಿಫಿಕೇಟ್ ಇರುವ ಡೀಲರ್ ಮೂಲಕವೇ ಹೊಸ ಕಾರು ಕೈಗೆ ಬರಬೇಕು. ಕಂಪನಿಯ ಅಧಿಕೃತ ತಾಣದಲ್ಲಿ ಬುಕ್ ಮಾಡಿದರೂ ಡೀಲರ್ ಯಾರೆಂದು ಆರಿಸಬೇಕಾಗುತ್ತದೆ, ಮಾರಾಟ ಪತ್ರವಾದ ಫಾರಂ 21 ಅವರಿಂದಲೇ ಬರುತ್ತದೆ. ವಾಹನ ರಸ್ತೆಗಿಳಿಯಲು ಯೋಗ್ಯವೆಂದು ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22ನ್ನೂ ಕೇಳಿ ಪಡೆದು, ಅದರಲ್ಲಿರುವ ಚಾಸಿ ಸಂಖ್ಯೆಯನ್ನು ಕಾರಿನ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಿಕೊಳ್ಳಬೇಕು. ನಂಬರ್ ಪ್ಲೇಟ್ ಹೆಸರಿನಲ್ಲಿ ಹಣ ಕೇಳುವ ನಕಲಿ ತಾಣಗಳೂ ಇವೆ. 2019ರ ಏಪ್ರಿಲ್ 1ರಿಂದ ತಯಾರಾದ ಹೊಸ ವಾಹನಗಳಿಗೆ ಅತಿ ಸುರಕ್ಷತೆಯ ನಂಬರ್ ಪ್ಲೇಟ್ ಆದ ಎಚ್‌ಎಸ್‌ಆರ್‌ಪಿ ಫಲಕವನ್ನು ಡೀಲರ್‌ಗಳೇ ಹಾಕಿಕೊಡಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಮ್ಮ ದೂರು ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದೆ. ಮಾರಾಟಗಾರ ಯಾವ ರಾಜ್ಯದಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣೆ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಮೊಕದ್ದಮೆ ಹೂಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಇಂಥ ದೂರಿಗೆ ಆಧಾರವೇ ಆ ಕೆಟ್ಟ ಮಾಲು. ಹಣ ಮರಳಿಸುವುದಾಗಿ ಒಪ್ಪಿದ ತಾಣದವರು ಮೊದಲು ಎಲ್ಲ ಭಾಗಗಳನ್ನೂ ಕೊರಿಯರ್ ಹುಡುಗನ ಕೈಗೆ ಕೊಡಬೇಕೆಂದು ಷರತ್ತು ಹಾಕಿದ್ದರು. ಪ್ಯಾಡುಗಳು, ಕೊಯ್ದ ಫಿಲ್ಟರು ಮತ್ತು ಡಬ್ಬಿಗಳು ಆಯೋಗದ ಮುಂದೆ ಹಾಜರುಪಡಿಸಬೇಕಾದ ವಸ್ತುಗಳು, ಆಯೋಗ ಹೇಳಿದ ನಂತರವೇ ಕೊಡುತ್ತೇವೆ ಎಂದು ಇ-ಮೇಲ್‌ನಲ್ಲಿ ಬರೆದು ತಿಳಿಸಿ, ಹುಡುಗನನ್ನು ಬರಿಗೈಯಲ್ಲಿ ಕಳುಹಿಸಿದ್ದೇವೆ.